ಕಪಾಟಿನ ರಿಜಿಸ್ಟರಿನಲ್ಲಿ ನಮ್ಮ ಮದಕ ಇಲ್ಲ

ಮೊನ್ನೆ ಜುಮಾ ಮುಗಿಸಿ ಹೊರಗೆ ಬಂದಾಗ ಮಸೀದಿ ಅಂಗಳದಲ್ಲಿ ಎಂದಿನ ಮಾತೇ ನಡೆಯುತ್ತಿತ್ತು. ಬಾವಿ ನೀರು ಮಾರ್ಚಿನಲ್ಲೇ ಉಪ್ಪಾಗುತ್ತದೆ, ಜೂನ್ ಬಂತೆಂದರೆ ಅಂಗಡಿಯೊಳಗೆ ನೀರು, ಹೊಳೆಯಲ್ಲಿ ಮರುವಾಯಿ ಸಿಗುವುದಿಲ್ಲ. ಒಬ್ಬರು ಹೈವೇ ಕೆಲಸವನ್ನು ಬೈದರು, ಇನ್ನೊಬ್ಬರು ಹೊಯಿಗೆಯವರನ್ನು, ಮೂರನೆಯವರು ತಿರುವನಂತಪುರವನ್ನು. ನಾನು ಕೇಳಿದೆ: "ಇದನ್ನೆಲ್ಲ ಹೇಳಲಿಕ್ಕೆಂದೇ ನಮ್ಮ ಪಂಚಾಯತಿನಲ್ಲಿ ಒಂದು ಸಮಿತಿ ಉಂಟು. ಅದರಲ್ಲಿ ಯಾರೆಲ್ಲ ಇದ್ದಾರೆ ಗೊತ್ತುಂಟಾ ಕಾಕ?" ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ನಕ್ಕು, "ಅದು ಮರ ಎಣಿಸುವವರ ಕೆಲಸ ಮಾರಾಯ, ನಮಗೆ ನಮ್ಮ ವ್ಯಾಪಾರ ಸಾಕು" ಎಂದರು.

ಆ ನಗುವಿಗೆ ಅಲ್ಲಿ ಉತ್ತರ ಕೊಡಲಿಲ್ಲ, ಹಿರಿಯರು. ಇಲ್ಲಿ ಕೊಡುತ್ತೇನೆ.

ಆ ಸಮಿತಿಯ ಹೆಸರು ಜೀವವೈವಿಧ್ಯ ನಿರ್ವಹಣಾ ಸಮಿತಿ. ಎಲ್ಲರೂ ಬಿಎಂಸಿ ಎನ್ನುತ್ತಾರೆ. 2002ರ ಜೀವವೈವಿಧ್ಯ ಕಾನೂನಿನ ಪ್ರಕಾರ ದೇಶದ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಇದು ಇರಲೇಬೇಕು. 2004ರ ನಿಯಮಗಳಲ್ಲಿ ಅಧ್ಯಕ್ಷರ ಜೊತೆ ಆರು ಮಂದಿ ಎಂದು ಬರೆದಿದ್ದರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ. ಹೊಳೆ, ಗದ್ದೆ, ಗುಡ್ಡೆ, ಮೀನು, ಮದ್ದಿನ ಗಿಡ, ಊರ ದನ, ಇವೆಲ್ಲವನ್ನೂ ಊರಿನವರನ್ನೇ ಕೇಳಿ ರಿಜಿಸ್ಟರಿನಲ್ಲಿ ಬರೆಯುವುದು ಅದರ ಮುಖ್ಯ ಕೆಲಸ. ಊರಿನ ಜೀವಸಂಪತ್ತನ್ನು ಬಳಸುವ ಬಗ್ಗೆ ತೀರ್ಮಾನ ಮಾಡುವಾಗ ರಾಜ್ಯ ಮಂಡಳಿಯೂ ರಾಷ್ಟ್ರೀಯ ಪ್ರಾಧಿಕಾರವೂ ಈ ಸಮಿತಿಯನ್ನು ಕೇಳಬೇಕು. ವ್ಯಾಪಾರಕ್ಕೆಂದು ಕೊಂಡೊಯ್ಯುವವರಿಂದ ಶುಲ್ಕ ಎತ್ತುವ ಹಕ್ಕೂ ಇದಕ್ಕಿದೆ. ಎಷ್ಟೋ ರಾಜ್ಯಗಳು ಇದನ್ನು ಎಷ್ಟು ಹಗುರವಾಗಿ ತೆಗೆದುಕೊಂಡಿದ್ದವೆಂದರೆ, ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ದಂಡ ಎನ್ನಬೇಕಾಯಿತು. ಕೇರಳ ಅದಕ್ಕಿಂತ ಬಹಳ ಮೊದಲೇ ಎಲ್ಲ ಪಂಚಾಯತಿಗಳಲ್ಲಿ ಸಮಿತಿ ಮಾಡಿ ಮುಗಿಸಿತ್ತು. ಎಂದರೆ ನಮ್ಮಲ್ಲಿ ಸಮಿತಿ ಇಲ್ಲವೆಂಬ ದೂರು ನಡೆಯುವುದಿಲ್ಲ. ಇದೆ. ಅದರಲ್ಲಿ ನಾವಿಲ್ಲ.

ನಾನು ಪಂಚಾಯತಿಗೆ ಹೋಗಿ ಆ ರಿಜಿಸ್ಟರ್ ನೋಡಬೇಕು ಎಂದೆ. ಮೊದಲ ದಿನ ಬೀಗದ ಕೈ ಸಿಗಲಿಲ್ಲ. ಎರಡನೆಯ ಸಲ ಹೋದಾಗ ಕಪಾಟಿನ ಕೆಳಗಿನ ಅರೆಯಿಂದ ತೆಗೆದುಕೊಟ್ಟರು. ಪೂರ್ತಿ ಮಲಯಾಳದಲ್ಲಿತ್ತು. ನಾನು ಕನ್ನಡ ಮೀಡಿಯಂ, ಮಲಯಾಳ ಬೋರ್ಡು ಓದುವಷ್ಟು ಬರುತ್ತದೆ, ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ. ನಮ್ಮ ವಾರ್ಡಿಗೆ ಒಂದು ಪುಟ: ಮಾವು, ಹಲಸು, ತೆಂಗು, ಗೇರು. ಅದು ಯಾವ ವಾರ್ಡಿನ ಪುಟವೂ ಆಗಬಹುದಿತ್ತು. ಪದವಿನ ಕೆಳಗಿರುವ ನಮ್ಮ ಮದಕದ ಹೆಸರು ಇರಲಿಲ್ಲ. ಅದರ ನೀರಿನಿಂದ ಕೆಳಗಿನ ಬೈಲಿನಲ್ಲಿ ಎರಡು ಬೆಳೆ ತೆಗೆಯುತ್ತಿದ್ದರು, ಅದರ ಬದಿಯಲ್ಲಿ ಉಮ್ಮ ತಿಮರೆ ಕೊಯ್ಯುತ್ತಿದ್ದರು. ನಾಲ್ಕು ಮನೆಗೆ ಬೇಸಿಗೆಯಲ್ಲಿ ನೀರು ಕೊಡುವ ಸುರಂಗವೂ ಇರಲಿಲ್ಲ. ಹೊಳೆಯಲ್ಲಿ ಎಲ್ಲಿ ಮರುವಾಯಿ, ಎಲ್ಲಿ ಕಾಣೆ ಎಂಬುದೂ ಇರಲಿಲ್ಲ.

ಬರೆದವರನ್ನು ಬೈಯಲಿಕ್ಕೆ ಮನಸ್ಸಾಯಿತು. ಆಮೇಲೆ ಯೋಚಿಸಿದೆ. ಅವರು ಬಂದು ಯಾರನ್ನು ಕೇಳಬೇಕಿತ್ತು? ಮರುವಾಯಿ ಹೆಕ್ಕುವುದು ನಮ್ಮ ಹೆಂಗಸರು. ಅವರ ಮಾತು ಬ್ಯಾರಿ ಬಾಸೆ. ಗ್ರಾಮಸಭೆಗೆ ಅವರು ಹೋಗುವುದಿಲ್ಲ, ಹೋಗಲಿಕ್ಕೆ ನಾವೂ ಹೇಳುವುದಿಲ್ಲ. ನಾವಾದರೂ ಹೋಗುವುದು ಯಾವಾಗ? ಮನೆ ಸಹಾಯಧನದ ಪಟ್ಟಿ ಓದುವ ದಿನ ಮಾತ್ರ.

ಊರಿನವರ ಬಾಯಿಮಾತಿಗೆ ಎಷ್ಟು ಬೆಲೆ ಎಂದು ನೋಡಬೇಕಾದರೆ ಚಂದ್ರಗಿರಿ ಹೊಳೆಗೆ ಹೋಗಿ. ಅಲ್ಲಿ ಒಂದು ಮೀಟರಿನಷ್ಟು ಉದ್ದ ಬೆಳೆಯುವ ಮೆತ್ತನೆ ಚಿಪ್ಪಿನ ದೊಡ್ಡ ಆಮೆ ಇದೆ. ಕ್ಯಾಂಟರನ ಆಮೆ ಎನ್ನುತ್ತಾರೆ, ಮಲಯಾಳದಲ್ಲಿ ಪಾಲಪೂವನ್. ಜಗತ್ತಿನಲ್ಲೇ ಅಪರೂಪದ್ದು, ದಿನದ ಬಹುಪಾಲು ಮರಳಿನೊಳಗೆ ಹೂತು ಕೂತಿರುತ್ತದೆ. ಸಂಶೋಧಕರು ತಾವೇ ಹುಡುಕಿದರೆ ಸಿಗುವ ಪ್ರಾಣಿಯಲ್ಲ. ಅವರು ಹೊಳೆ ಬದಿಯ ಮನೆಗಳವರ, ಮೀನು ಹಿಡಿಯುವವರ ಹತ್ತಿರ ಮಾತಾಡಿದರು, ಕಂಡರೆ ಫೋನ್ ಮಾಡಿ ಎಂದರು. ಹಾಗೆ ಅದು ಮೊಟ್ಟೆಯಿಡುವ ಜಾಗ ಸಿಕ್ಕಿತು. ನೀರಿನಲ್ಲಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ಉಳಿಸಿ, ಮರಿ ಮಾಡಿಸಿ, ಹೊಳೆಗೆ ಬಿಟ್ಟರು. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ಇದೇ ಆಮೆಯನ್ನು ಜಿಲ್ಲೆಯ ಜೀವಿ ಎಂದು ಘೋಷಿಸಿತು. ಜೊತೆಗೆ ಜಿಲ್ಲೆಯ ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಹೂವು ಪೆರಿಯದ ತೋಡುಗಳಲ್ಲಿ ಅರಳುವ ನೀರಿನ ಲಿಲ್ಲಿ, ಮರ ಕಾಸರಕ. ನಮ್ಮ ಊರಿಗೆ ಹೆಸರು ಬಂದದ್ದೇ ಕಾಸರಕದಿಂದ ಎನ್ನುತ್ತಾರೆ. ಆ ಮರವನ್ನು ಗುರುತಿಸುವವರು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಇದ್ದಾರೋ.

ಘೋಷಣೆಯಿಂದ ಹೊಟ್ಟೆ ತುಂಬುತ್ತದಾ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯದ್ದೇ ಇನ್ನೊಂದು ಕಥೆ ನೆನಪಿಸುತ್ತೇನೆ. ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಜೇನು ಸಾಯುತ್ತಿದೆ, ತೋಡಿನ ಮೀನು ತೇಲುತ್ತಿದೆ, ಕರುಗಳು ವಿಕಾರವಾಗಿ ಹುಟ್ಟುತ್ತಿವೆ ಎಂದು ಎಣ್ಮಕಜೆಯ ಪಡ್ರೆಯಂಥ ಊರಿನವರು ಹೇಳುತ್ತಲೇ ಇದ್ದರು. ಬರೆದಿಟ್ಟದ್ದು ಯಾರು? ಒಬ್ಬ ಡಾಕ್ಟರ್ ಮೋಹನ ಕುಮಾರ್, ಒಬ್ಬ ಪತ್ರಕರ್ತ ಶ್ರೀಪಡ್ರೆ, ಹೀಗೆ ಬೆರಳೆಣಿಕೆಯ ಮಂದಿ ತಮ್ಮ ಸ್ವಂತ ಶ್ರಮದಿಂದ. ಪೆರಿಯದಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದರು. ದೇಶಕ್ಕೆಲ್ಲ ನಿಷೇಧ ಬರಲು 2011 ಆಯಿತು. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳುವಾಗ 2017. ಆ ವರ್ಷಗಳಲ್ಲೆಲ್ಲ ಎದುರಿನವರು ಹಿಡಿದದ್ದು ಒಂದೇ ವಾದ: ಸಾಕ್ಷಿ ಎಲ್ಲಿ? ಮೊದಲು ಎಷ್ಟು ಜೇನು ಇತ್ತು, ಯಾವ ತೋಡಿನಲ್ಲಿ ಯಾವ ಮೀನಿತ್ತು ಎಂದು ಪಂಚಾಯತಿನ ಮೊಹರು ಬಿದ್ದ ಒಂದು ಪುಸ್ತಕ ಆಗ ಇರಲಿಲ್ಲ. ಇದ್ದಿದ್ದರೆ ಎಲ್ಲ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಲು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸೆಕ್ರೆಟರಿಯೇಟಿನ ಎದುರು ಕೂರಬೇಕಾಗಿರಲಿಲ್ಲ.

ಈಗ ಕಹಿ ಮಾತು. ಹೊಯಿಗೆ ಸಾಗಿಸುವ ಟಿಪ್ಪರುಗಳು ಯಾರದ್ದು? ಬೈಲಿಗೆ ಮಣ್ಣು ಹಾಕಿ ಸೈಟು ಮಾಡಿ ಗಲ್ಫಿನಲ್ಲಿರುವವರಿಗೆ ಮಾರುವವರು ಯಾರು? ಎಲ್ಲ ಜಾತಿಯವರೂ ಇದ್ದಾರೆ, ನಮ್ಮವರೂ ಇದ್ದಾರೆ. ಬೇರೆಯವರನ್ನು ಹೇಳುವ ಮೊದಲು ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ನಾನು ಡಿಪ್ಲೊಮಾ ಓದುತ್ತಿದ್ದಾಗ, 2007ರಲ್ಲಿ, ಬಾಪ ಅಂಗಡಿಯ ಹಿಂದಿನ ಹನ್ನೆರಡು ಸೆಂಟ್ಸ್ ಗದ್ದೆ ತೆಗೆದುಕೊಂಡು ಗೋಡೌನಿಗಾಗಿ ನಾಲ್ಕು ಅಡಿ ಮಣ್ಣು ತುಂಬಿಸಿದರು. ಅದರ ಮರುವರ್ಷ ಕೇರಳದ ಗದ್ದೆ ಸಂರಕ್ಷಣಾ ಕಾನೂನು ಬಂತು. ಆ ಕಾನೂನಿನಲ್ಲಿ ಹಾಗೆ ತುಂಬಿಸಿದರೆ ಜೈಲು. ನಮ್ಮದು ಒಂದು ವರ್ಷದಲ್ಲಿ ತಪ್ಪಿಹೋಯಿತು ಎಂದು ಮನೆಯಲ್ಲಿ ಸಂತೋಷಪಟ್ಟಿದ್ದೆವು. ಮೆಕ್ಯಾನಿಕಲ್ ಓದಿದವನು, ಲೆಕ್ಕ ಹಾಕಲು ನನಗೆ ಆಗಲೇ ಬರುತ್ತಿತ್ತು. ಹಾಕಿದ್ದು ಮಾತ್ರ ಕಳೆದ ವರ್ಷ. ಒಂದು ಸೆಂಟ್ಸ್ ಎಂದರೆ 435 ಚದರಡಿ ಚಿಲ್ಲರೆ. ಹನ್ನೆರಡು ಸೆಂಟ್ಸಿನಲ್ಲಿ ಒಂದಡಿ ಮಳೆನೀರು ನಿಂತರೆ ಸುಮಾರು ಒಂದೂವರೆ ಲಕ್ಷ ಲೀಟರ್. ಅಷ್ಟು ನೀರು ನಿಂತು ಇಂಗುತ್ತಿದ್ದ ಜಾಗದ ಮೇಲೆ ನಾವು ನೂರು ಲೋಡು ಮಣ್ಣು ಸುರಿದೆವು. ಆ ನೀರು ಎಲ್ಲಿಗೆ ಹೋಗಬೇಕು? ಮೊದಲ ಮಳೆಗೆ ಹಿಂದಿನ ಮನೆಯ ಅಂಗಳಕ್ಕೆ ಹೋಯಿತು. ಅವರು ಗೋಡೆ ಕಟ್ಟಿದ ಮೇಲೆ ನಮ್ಮದೇ ಅಂಗಡಿಯ ಶಟರಿನ ಅಡಿಗೆ ಬಂತು. ಈಗ ಪ್ರತಿ ಜೂನಿನಲ್ಲಿ ಅಕ್ಕಿಮೂಟೆಗಳನ್ನು ಎತ್ತಿಡುವುದು ನಾನೇ. ಮಸೀದಿ ಅಂಗಳದಲ್ಲಿ ಹೈವೇಗೆ ಬೈದವರಲ್ಲಿ ನನ್ನ ಬಾಪನೂ ಒಬ್ಬರು.

ಹೈವೇ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಷಟ್ಪಥಕ್ಕಾಗಿ ಗುಡ್ಡೆ ಕಡಿದದ್ದನ್ನು, ತೋಡು ಮುಚ್ಚಿದ್ದನ್ನು ತಲಪಾಡಿಯಿಂದ ಈಚೆ ಎಲ್ಲರೂ ಕಂಡಿದ್ದೇವೆ. ಆದರೆ ತೋಡು ಮೊದಲು ಎಲ್ಲಿ ಹರಿಯುತ್ತಿತ್ತು ಎಂದು ಇಂಜಿನಿಯರ್ ಕೇಳಿದರೆ ತೋರಿಸಲು ನಮ್ಮ ಹತ್ತಿರ ಬೆರಳು ಬಿಟ್ಟರೆ ಏನಿದೆ? ಗದ್ದೆ ಕಾನೂನಿಗೂ ಪಂಚಾಯತಿನಲ್ಲಿ ಪ್ರತ್ಯೇಕ ಸಮಿತಿ ಇದೆ. ಅಧ್ಯಕ್ಷರು, ಕೃಷಿ ಆಫೀಸರ್, ವಿಲೇಜ್ ಆಫೀಸರ್ ಜೊತೆ ಮೂವರು ರೈತರು. ಗದ್ದೆಯನ್ನು ಡಾಟಾ ಬ್ಯಾಂಕಿನಿಂದ ತೆಗೆಯಿರಿ ಎಂದು ಫಾರಂ 5 ಕೊಡುವವರಲ್ಲಿ ನಮ್ಮವರಿದ್ದಾರೆ. ಆ ಮೂರು ಕುರ್ಚಿಯಲ್ಲಿ ಕೂರಲು ಅರ್ಜಿ ಕೊಟ್ಟವರನ್ನು ನಾನು ಕಂಡಿಲ್ಲ.

ನನ್ನ ಗೆಳೆಯನೊಬ್ಬ ಹೇಳುತ್ತಾನೆ, ಬಿಎಂಸಿ ಬರೀ ಸಲಹಾ ಸಮಿತಿ, ಜೆಸಿಬಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ ಎಂದು. ನಿಜ, ಇಲ್ಲ. ಪೊಲೀಸ್ ಅಲ್ಲ, ಕೋರ್ಟೂ ಅಲ್ಲ. ಆದರೆ ಜೆಸಿಬಿ ನಿಲ್ಲಿಸುವವರು ಕೇಳುವ ಕಾಗದ ಅಲ್ಲಿಂದಲೇ ಹೊರಡಬೇಕು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಸ್ಟಾಕ್ ಪುಸ್ತಕದಲ್ಲಿ ಇಲ್ಲದ ಮಾಲು ಕಳವಾದರೆ ಯಾವ ಇನ್ಶೂರೆನ್ಸಿನವನು ದುಡ್ಡು ಕೊಡುತ್ತಾನೆ?

ಇನ್ನೊಂದು ನೆಪ ಭಾಷೆಯದ್ದು. ಎಲ್ಲ ಮಲಯಾಳದಲ್ಲಿ ನಡೆಯುತ್ತದೆ, ನಾವು ಹೋಗಿ ಏನು ಮಾಡುವುದು ಎಂದು. ಈ ನೋವು ನನಗೂ ಇದೆ, ಆ ಪುಟದ ಮೇಲೆ ಬೆರಳಿಟ್ಟು ಓದಿದವನು ನಾನು. ಆದರೆ 1969ರ ಆಡಳಿತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ಪತ್ರ ಬರೆಯುವ ಹಕ್ಕು ಕೊಟ್ಟಿದೆ. ರಿಜಿಸ್ಟರ್ ಕನ್ನಡದಲ್ಲೂ ಬೇಕು ಎಂದು ಕೇಳಿ ಎಷ್ಟು ಜಮಾಅತುಗಳು, ಎಷ್ಟು ಕನ್ನಡ ಸಂಘಗಳು ಒಂದು ಹಾಳೆ ಬರೆದಿವೆ? ಬೋರ್ಡಿನಲ್ಲಿ ಕನ್ನಡ ಸಣ್ಣದಾಯಿತೆಂದು ಪ್ರತಿಭಟನೆ ಮಾಡಿದ್ದೇವೆ, ಮಾಡಬೇಕಾದದ್ದೇ. ಊರಿನ ನೀರಿನ ಪುಸ್ತಕ ನಮ್ಮ ಭಾಷೆಯಲ್ಲಿಲ್ಲ ಎಂಬುದು ಅದಕ್ಕಿಂತ ಸಣ್ಣ ವಿಷಯವಾ? ಹರಿಯುವ ಹೊಳೆಯ ಬದಿಯಲ್ಲಿ ವುಳೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಮದ್ರಸದಲ್ಲಿ ಕಲಿತವರು ನಾವು. ಉಸ್ತಾದರು ಕಲಿಸಿದ್ದು ಬರೀ ಹೌಳಿನ ನೀರಿಗೆ ಎಂದು ತಿಳಿದುಕೊಂಡಿದ್ದೇವೋ ಏನೋ.

ಮುಂದಿನ ಗ್ರಾಮಸಭೆಗೆ ನಾನು ಕನ್ನಡದಲ್ಲೇ ಅರ್ಜಿ ಬರೆದಿದ್ದೇನೆ. ಬಿಎಂಸಿ ಸದಸ್ಯರ ಹೆಸರು ನೋಟೀಸ್ ಬೋರ್ಡಿನಲ್ಲಿ ಹಾಕಬೇಕು, ಮರುವಾಯಿ ಹೆಕ್ಕುವ ಹೆಂಗಸರಲ್ಲಿ ಒಬ್ಬರನ್ನಾದರೂ ಸೇರಿಸಬೇಕು, ನಮ್ಮ ವಾರ್ಡಿನ ಪುಟವನ್ನು ತಿದ್ದಬೇಕು. ತಿದ್ದುವ ಕೆಲಸ ಈಗಲೇ ಶುರು ಮಾಡಿದ್ದೇನೆ. ಉಮ್ಮ ಮತ್ತು ನೆರೆಮನೆಯ ಇಬ್ಬರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಂದು ಸಂಜೆಯಲ್ಲಿ ಹದಿನೇಳು ಸೊಪ್ಪು, ಒಂಬತ್ತು ಮೀನು, ಮೂರು ಮದಕ. ಎಲ್ಲದಕ್ಕೂ ಬ್ಯಾರಿ ಹೆಸರು ಉಂಟು, ಕೆಲವಕ್ಕೆ ಕನ್ನಡ ಹೆಸರು ನನಗೆ ಗೊತ್ತಿಲ್ಲ. ಓದುತ್ತಿರುವವರಿಗೆ ಗೊತ್ತಿದ್ದರೆ ಹೇಳಿ. ನಿಮ್ಮ ವಾರ್ಡಿನ ಪುಟವನ್ನೂ ಹೋಗಿ ನೋಡಿ.

ಮೂರು ಮದಕಗಳಲ್ಲಿ ಒಂದು ಈಗ ಇಲ್ಲ. ಮುಚ್ಚಿದ್ದು ಯಾವ ವರ್ಷ ಎಂದು ಬರೆಯುತ್ತಿದ್ದಾಗ ಬಾಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಗೋಡೌನಿನದ್ದನ್ನೂ ಬರೆಯುತ್ತೀಯಾ?" ಎಂದರು. ಬರೆಯುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ಅಲ್ಲ, ಹದಿಮೂರೂವರೆ ಸೆಂಟ್ಸ್" ಎಂದು ಹೇಳಿ ಒಳಗೆ ಹೋದರು.