ಫ್ಯುನೇರಿಯಾ ಪಾಠ ಗೋಡೆಯ ಬಳಿ ನಡೆಯಲಿ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆಲ್ಲ ಫ್ಯುನೇರಿಯಾ ಎಂಬ ಹೆಸರು ಗೊತ್ತು. ಮೊದಲ ವರ್ಷದ ಪಠ್ಯಪುಸ್ತಕದಲ್ಲಿ ಹಾವಸೆಗಳಿಗೆ ಉದಾಹರಣೆಯಾಗಿ ಅದರ ಚಿತ್ರವಿದೆ: ಕೆಳಗೆ ಬೇರಿನಂಥ ಎಳೆಗಳು, ಪುಟ್ಟ ಎಲೆಗಳು ಮುತ್ತಿದ ಕಾಂಡ, ಮೇಲೆ ಉದ್ದನೆಯ ಕಡ್ಡಿ, ಅದರ ತುದಿಗೊಂದು ಕಾಯಿ. ವಿದ್ಯಾರ್ಥಿಗಳು ಪೆನ್ಸಿಲಿನಲ್ಲಿ ಅದನ್ನು ಬಿಡಿಸುತ್ತಾರೆ, ಭಾಗಗಳ ಹೆಸರು ಬರೆಯುತ್ತಾರೆ, ಅಂಕ ಬಂದ ಮೇಲೆ ಮರೆಯುತ್ತಾರೆ. ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಗಿಡ ನಿಂತ ನೆಲವೇ ಅದರಲ್ಲಿಲ್ಲ. ನೆಲವನ್ನು ಬಿಟ್ಟು ನೋಡಿದರೆ ಕಡ್ಡಿ ಯಾಕೆ ಅಷ್ಟು ಉದ್ದ, ಕಾಯಿಯ ಬಾಯಿಗೆ ಹಲ್ಲುಗಳು ಯಾಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಹೆಸರುಗಳನ್ನು ಉರುಹೊಡೆಯುವುದೊಂದೇ ದಾರಿಯಾಗುತ್ತದೆ. ಈ ಪಾಠ ತರಗತಿಯಿಂದ ಹೊರಬರಬೇಕು, ಕಾಲೇಜಿನ ಕಾಂಪೌಂಡ್ ಗೋಡೆಯ ಬಳಿ, ಮಳೆಗಾಲದಲ್ಲಿ ಮತ್ತು ಅದು ಮುಗಿದ ಮೊದಲ ತಿಂಗಳುಗಳಲ್ಲಿ ನಡೆಯಬೇಕು ಎಂಬುದು ನನ್ನ ವಾದ.

ಫ್ಯುನೇರಿಯಾ ಹೈಗ್ರೊಮೆಟ್ರಿಕಾ ಜಗತ್ತಿನ ಬಹುಪಾಲು ಕಡೆ ಸಿಗುವ ಹಾವಸೆ. ಅದಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಯಾರೂ ಇನ್ನೂ ಹಿಡಿಯದ ಬರಿನೆಲ. ಹೊಸದಾಗಿ ಕೆದಕಿದ ಮಣ್ಣು, ಹೂಕುಂಡ, ಹಳೆಯ ಇಟ್ಟಿಗೆ, ಗಾರೆಯ ಬಿರುಕು ಅದಕ್ಕೆ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಅದು ಒಲಿಯುವುದು ಸುಟ್ಟ ಜಾಗಕ್ಕೆ. ಬೆಂಕಿ ಬಿದ್ದಲ್ಲಿ ಪೈಪೋಟಿಗೆ ನಿಲ್ಲುವ ಗಿಡಗಳು ನಾಶವಾಗಿರುತ್ತವೆ. ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸಿ, ಪೊಟ್ಯಾಶಿಯಂನಂಥ ಲವಣಗಳನ್ನು ಕೂಡಿಸಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಉರಿದ ಲಂಡನ್ನಿನ ಹಾಳುನಿವೇಶನಗಳಲ್ಲಿ ಮೊದಲು ಹಸುರು ತಂದವುಗಳಲ್ಲಿ ಈ ಹಾವಸೆಯೂ ಒಂದು. ಆದರೆ ಅದರ ಒಡೆತನ ಬಹಳ ದಿನದ್ದಲ್ಲ. ಬೇರೆ ಹಾವಸೆಗಳೂ ಹುಲ್ಲೂ ಬಂದು ತಳವೂರಿದ ಮೇಲೆ ಅದು ಅಲ್ಲಿಂದ ಕಾಲ್ತೆಗೆಯಲೇಬೇಕು. ಹಾಗಾಗಿ ಬೇಗ ಬೆಳೆದು, ಬೇಗ ಕಾಯಿ ಕಟ್ಟಿ, ದೂರದ ಇನ್ನೊಂದು ಬರಿನೆಲಕ್ಕೆ ಬೀಜಾಣು ಕಳಿಸುವುದೇ ಅದರ ಬಾಳು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗಿಡವನ್ನು ನೋಡಬೇಕು. ಎಲೆಗಳಿರುವ ಹಸುರು ಭಾಗ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ನಡುನರ ಬಿಟ್ಟರೆ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ಬುಡದಿಂದ ನೀರೆತ್ತುವ ಕೊಳವೆಗಳ ವ್ಯವಸ್ಥೆ ಇಲ್ಲದ್ದರಿಂದ ಮೈಯೆಲ್ಲ ಒದ್ದೆಯಾದರೇ ಅದಕ್ಕೆ ಜೀವ. ಗಂಡುಕೋಶಗಳು ಮೊಟ್ಟೆಯ ಕಡೆಗೆ ಈಜಿ ಹೋಗುವುದಕ್ಕೂ ನೀರಿನ ತೆಳುಪದರ ಬೇಕು. ಕುಳ್ಳಗಿದ್ದು ನೆಲಕ್ಕಂಟಿಕೊಂಡಿರುವುದೇ ಇಲ್ಲಿ ಲಾಭ. ಫಲಿತವಾದ ಮೇಲೆ ಹುಟ್ಟುವ ಮುಂದಿನ ಪೀಳಿಗೆಗೆ ಇದರ ತದ್ವಿರುದ್ಧ ಅಗತ್ಯ. ಬೀಜಾಣು ಹಾರಲು ಗಾಳಿ ಬೇಕು, ಒಣಹವೆ ಬೇಕು. ಅದಕ್ಕೆಂದೇ ಆ ಕಡ್ಡಿ, ಎಲೆಗಳನ್ನು ದಾಟಿ ಹಲವು ಸೆಂಟಿಮೀಟರ್ ಮೇಲೇಳುತ್ತದೆ. ಎಳೆಯ ಕಾಯಿ ಹಸುರಾಗಿದ್ದು ತನ್ನ ಆಹಾರದಲ್ಲಿ ಒಂದು ಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಲಿತಾಗ ಕಂದುಬಣ್ಣಕ್ಕೆ ತಿರುಗಿ, ಒಂದು ಪಕ್ಕಕ್ಕೆ ಬಾಗಿ, ಮುಚ್ಚಳ ಕಳಚಿಕೊಳ್ಳುತ್ತದೆ. ಒಳಗೆ ಎರಡು ಸುತ್ತು ಹಲ್ಲುಗಳಿವೆ, ಸುತ್ತಿಗೆ 16ರಂತೆ ಒಟ್ಟು 32. ಹವೆ ಒಣಗಿದಾಗ ಹೊರಸುತ್ತಿನ ಹಲ್ಲುಗಳು ಬಾಗಿ ನಡುವೆ ಸಂದು ಬಿಡುತ್ತವೆ, ತೇವ ಏರಿದಾಗ ಮುಚ್ಚಿಕೊಳ್ಳುತ್ತವೆ. ಕಡ್ಡಿಯೂ ಸುಮ್ಮನಿರುವುದಿಲ್ಲ, ತೇವ ಏರಿಳಿದಂತೆ ಹುರಿಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ಆ ತಿರುಗಾಟಕ್ಕೆ ಕಾಯಿ ಅಲುಗಿ ಬೀಜಾಣುಗಳು ಸ್ವಲ್ಪಸ್ವಲ್ಪವೇ ಉದುರುತ್ತವೆ. ಒಣಗಿದ ಕಡ್ಡಿಯ ಮೇಲೆ ಬಾಯಿಂದ ಹಬೆ ಊದಿದರೆ ಸಾಕು, ಈ ಚಲನೆಯನ್ನು ಯಾರು ಬೇಕಾದರೂ ನೋಡಬಹುದು. ಯಾವ ಚಿತ್ರವೂ ಇದನ್ನು ತೋರಿಸಲಾರದು.

ಈ ಕಾಲದ ಜೀವವಿಜ್ಞಾನ ಪ್ರಯೋಗಾಲಯದ್ದು, ಜೀನುಗಳದ್ದು, ಗೋಡೆ ನೋಡುವುದು ಹಿಂದಿನ ಶತಮಾನದ ಕೆಲಸ ಎನ್ನುವವರಿದ್ದಾರೆ. ಅವರಿಗೆ ಫ್ಯುನೇರಿಯಾದ ಕುಟುಂಬದಲ್ಲೇ ಉತ್ತರವಿದೆ. ಹಾವಸೆಗಳ ಪೈಕಿ ಮೊದಲು ಪೂರ್ಣ ಜೀನೋಮ್ ಓದಿಸಿಕೊಂಡದ್ದು ಫಿಸ್ಕೊಮಿಟ್ರಿಯಂ ಪೇಟೆನ್ಸ್. ಅದರ ವಿವರ ಪ್ರಕಟವಾದದ್ದು 2008ರಲ್ಲಿ. ಅದು ಫ್ಯುನೇರಿಯಾದ ಹತ್ತಿರದ ಬಂಧು. ಆದರೆ ಅದು ಬೆಳೆಯುವುದು ಕೆರೆ, ಜಲಾಶಯಗಳ ನೀರು ಇಳಿದಾಗ ತೆರೆದುಕೊಳ್ಳುವ ಕೆಸರುದಂಡೆಯಲ್ಲಿ. ಅದರ ಕಡ್ಡಿ ಎಷ್ಟು ಗಿಡ್ಡವೆಂದರೆ ಕಾಯಿ ಎಲೆಗಳ ನಡುವೆಯೇ ಅಡಗಿರುತ್ತದೆ. ಹಲ್ಲುಗಳಿಲ್ಲ, ಕಳಚುವ ಮುಚ್ಚಳವೂ ಇಲ್ಲ. ಕಾಯಿ ಹೇಗೆಂದರೆ ಹಾಗೆ ಒಡೆದು ಬೀಜಾಣು ಬಿಡುತ್ತದೆ. ಮುಂದಿನ ವರ್ಷವೂ ಅದೇ ದಂಡೆ ತೆರೆದುಕೊಳ್ಳುವುದಾದರೆ ದೂರ ಹಾರುವ ಏರ್ಪಾಡಿನ ಅಗತ್ಯ ಅಷ್ಟಾಗಿ ಇರುವುದಿಲ್ಲ. ಒಂದೇ ಕುಟುಂಬದ ಎರಡು ಗಿಡಗಳಿಗೆ ಇಷ್ಟು ಬೇರೆ ಮೈಕಟ್ಟು ಯಾಕೆ ಎಂದು ಕೇಳುವವರು ಮೊದಲು ಅವು ನಿಂತ ಜಾಗವನ್ನು ನೋಡಬೇಕಾಗುತ್ತದೆ. ಜೀನೋಮ್ ಓದುವವರಿಗೂ ಪ್ರಶ್ನೆ ಸಿಗುವುದು ಅಲ್ಲೇ.

ಗೋಡೆಯ ಮೇಲೆ ಇರುವುದು ಫ್ಯುನೇರಿಯಾವೇ ಎಂದು ಹೇಗೆ ಹೇಳುತ್ತೀರಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜ, ದಕ್ಷಿಣ ಭಾರತದ ಗೋಡೆಗಳ ಮೇಲೆ ಹಯೊಫಿಲಾ ಎಂಬ ಇನ್ನೊಂದು ಹಾವಸೆ ಬಹಳ ಸಾಮಾನ್ಯ. ಬೆಳ್ಳಿಬಣ್ಣದ ಬ್ರೈಯಂ ಕೂಡ ಇದೆ. ಆದರೆ ಇದರಿಂದ ಪಾಠಕ್ಕೆ ನಷ್ಟವಿಲ್ಲ, ಲಾಭವೇ ಇದೆ. ಹಯೊಫಿಲಾದ ಎಲೆ ಒಣಗಿದಾಗ ಒಳಮುಖವಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಒಂದು ಹನಿ ನೀರು ಬಿದ್ದರೆ ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ. ಅದರ ಕಾಯಿ ನೆಟ್ಟಗೆ ನಿಲ್ಲುತ್ತದೆ, ಬಾಯಲ್ಲಿ ಹಲ್ಲಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದ ಹುಡುಗಿಯೊಬ್ಬಳು ಪುಸ್ತಕದ ಗಿಡವನ್ನೂ ಗೋಡೆಯ ಗಿಡವನ್ನೂ ಹೋಲಿಸಿ ಇದು ಅದಲ್ಲ ಎಂದು ಹೇಳಿದರೆ, ಅವಳು ಮಾಡಿದ್ದು ವಿಜ್ಞಾನವೇ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಹಾವಸೆ ಸಿಗುವ ದಿನಗಳು ಕೊಡಗಿಗಿಂತ ಕಡಿಮೆ ಎಂಬುದೂ ನಿಜ. ಅಲ್ಲಿ ನಲ್ಲಿ ಸೋರುವ ಮೂಲೆ, ನೀರಿನ ತೊಟ್ಟಿಯ ನೆರಳು ಹುಡುಕಬೇಕಾಗುತ್ತದೆ. ಹಾಗೆ ಹುಡುಕುವುದೂ ಪಾಠದ ಭಾಗವೇ.

ಪಠ್ಯ ಮುಗಿಸಲೇ ಸಮಯವಿಲ್ಲ ಎಂಬ ಉಪನ್ಯಾಸಕರ ಕಷ್ಟ ಹುಸಿಯಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನು ಕಲಿಸಿ ಎಂದು ಅವರಿಗೆ ಉಪದೇಶ ಮಾಡುವುದು ಅನ್ಯಾಯ. ಬದಲಾಗಬೇಕಾದ್ದು ಪರೀಕ್ಷೆ. ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಚಿತ್ರದ ಪಕ್ಕ ನಾಲ್ಕು ಸಾಲಿಗೆ ಜಾಗವಿರಲಿ: ಗಿಡ ಎಲ್ಲಿ ಸಿಕ್ಕಿತು, ಅಡಿಯಲ್ಲಿ ಮಣ್ಣಿತ್ತೋ ಗಾರೆಯೋ ಬೂದಿಯೋ, ಬಿಸಿಲೋ ನೆರಳೋ, ಕಾಯಿ ಹಸುರೋ ಕಂದೋ. ಚಿತ್ರಕ್ಕೆ ಕೊಡುವಷ್ಟೇ ಅಂಕವನ್ನು ಆ ಸಾಲುಗಳಿಗೂ ಕೊಡಬೇಕು. ಉಗುರಿನಗಲದ ತುಣುಕು ಒಂದು ತಂಡಕ್ಕೆ ಸಾಕು, ಉಳಿದದ್ದನ್ನು ಗೋಡೆಯಲ್ಲೇ ಬಿಡಬಹುದು. ಖರ್ಚು ಏನಿದ್ದರೂ ಕೆಲವು ಭೂತಗನ್ನಡಿಗಳದ್ದು.