ಮಯೂರನ ಊರಿಗೆ ಮೂರೇ ವೋಟು

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಲ್ಲಿ ಟ್ರಿಪ್‌ಗೆ ಪೋಲ್ ಹಾಕಿದ್ರು. ಆಗುಂಬೆಗೆ 41 ವೋಟು, 'ಮಾಲ್ಗುಡಿ ಡೇಸ್' ಮನೆ ನೋಡಬೇಕಂತೆ. ಜೋಗಕ್ಕೆ 18, ಅದು 'ಮುಂಗಾರು ಮಳೆ' ಲೆಕ್ಕದಲ್ಲಿ. ನಾನು ಸೇರಿಸಿದ್ದ ತಾಳಗುಂದಕ್ಕೆ 3. ಅದರಲ್ಲೊಂದು ನಂದೇ, ಇನ್ನೊಂದು ರೂಮ್‌ಮೇಟ್‌ದು, ಮೂರನೆಯವನು ಕೈ ತಪ್ಪಿ ಒತ್ತಿದ್ದನಂತೆ.

"ಶಿಕಾರಿಪುರದ ಕಡೆ ಏನಿದೆ ಗುರೂ ನೋಡೋಕೆ?" ಅಂತ ಎಲ್ಲರೂ ಕೇಳಿದ್ರು.

ಪ್ರಶ್ನೆ ತಪ್ಪಲ್ಲ. ನಾನೂ ಒಂದು ಕಾಲಕ್ಕೆ ಅದನ್ನೇ ಕೇಳಿದವನು. ನಮ್ಮಜ್ಜಿ ಮನೆ ಶಿರಾಳಕೊಪ್ಪದ ಹತ್ತಿರ. ಐದನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಟಿವಿಯಲ್ಲಿ ರಾಜ್‌ಕುಮಾರ್ ಅವರ 'ಮಯೂರ' ನೋಡಿದ್ದೆ. "ಅವನ ಊರು ಇಲ್ಲೇ ಐತಲ್ಲೋ" ಅಂತ ಅಜ್ಜ ಅಂದಿದ್ದೇ ತಡ, ಅವರ ಗಾಡಿ ಹತ್ತಿ ಕೂತೆ. ಕೋಟೆ, ಕುದುರೆ, ಕತ್ತಿ ಅಂತ ಕನಸು ಕಟ್ಟಿಕೊಂಡು ಹೋದವನಿಗೆ ಸಿಕ್ಕಿದ್ದು ಪ್ರಣವೇಶ್ವರ ದೇವಸ್ಥಾನದ ಮುಂದಿನ ಒಂದು ಕಲ್ಲಿನ ಕಂಬ. ವಾಪಸ್ ಬರೋವಾಗ ಅಜ್ಜನ ಜೊತೆ ಮಾತೇ ಆಡಲಿಲ್ಲ.

ಆಗುಂಬೆಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಶಂಕರ್‌ನಾಗ್ ಅಂದ್ರೆ ನನಗೂ ಪ್ರಾಣ. ಆದ್ರೆ ಮಾಲ್ಗುಡಿ ಇದ್ದದ್ದು ಆರ್.ಕೆ. ನಾರಾಯಣ್ ಅವರ ತಲೆಯಲ್ಲಿ, ಆಗುಂಬೆಯಲ್ಲಿ ಇದ್ದದ್ದು ಕ್ಯಾಮೆರಾ. ತಾಳಗುಂದದಲ್ಲಿ ನಿಂತಿರೋದು ಕಥೆಯ ಸೋರ್ಸ್ ಕೋಡ್! 1975ರ ಸಿನಿಮಾಗೆ ಆಧಾರ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ. ಆದ್ರೆ ಮಯೂರ ಕಂಚಿಗೆ ಹೋದ, ಅಲ್ಲಿ ಜಗಳ ಆಯ್ತು ಅನ್ನೋದನ್ನ ನಮಗೆ ತಿಳಿಸಿದ್ದು ಈ ಕಂಬ. 5ನೇ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದ ಕಾವ್ಯ ಅದರ ಮೇಲಿದೆ. ಎಂಟು ಮುಖದ ಕಂಬ, ಸಾಲುಗಳು ಕೆಳಗಿಂದ ಮೇಲಕ್ಕೆ ಹೋಗ್ತವೆ. ಕತ್ತು ವಾರೆ ಮಾಡಿಯೇ ನೋಡಬೇಕು.

ಕಥೆ ಕೇಳಿ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೈಯರ್ ಸ್ಟಡೀಸ್‌ಗೆ ಹೋಗ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ. ಅವಮಾನ ತಡೀಲಾರದೆ ಓದು ಬಿಟ್ಟು ಕತ್ತಿ ಹಿಡೀತಾನೆ, ಕೊನೆಗೆ ಪಲ್ಲವರೇ ಅವನನ್ನ ರಾಜ ಅಂತ ಒಪ್ಪಬೇಕಾಗುತ್ತೆ. ಸಿನಿಮಾದಲ್ಲಿ ಅವನು ಹುಟ್ಟಿನಿಂದಲೇ ರಾಜವಂಶದವನು ಅಂತ ಆಮೇಲೆ ಗೊತ್ತಾಗುತ್ತಲ್ಲ, ಕಂಬದಲ್ಲಿ ಆ ಟ್ವಿಸ್ಟ್ ಇಲ್ಲ. ಅವನು ಊರು ಬಿಟ್ಟು ಓದೋಕೆ ಹೋದ ಹುಡುಗ, ಅಷ್ಟೆ. ಅಣ್ಣಾವ್ರ ಅಭಿಮಾನಿಗಳು ಬೈದರೂ ಪರವಾಗಿಲ್ಲ, ನನಗೆ ಕಂಬದ ಮಯೂರನೇ ಹೆಚ್ಚು ಇಷ್ಟ. ಹಾಸ್ಟೆಲ್‌ನಲ್ಲಿ, "ನೀನು ಯಾವ ಹಳ್ಳಿ ಕಡೆಯವನೋ" ಅಂತ ಅನ್ನಿಸಿಕೊಂಡ ದಿನ ನೆನಪಾಗಿದ್ದು ಅವನೇ.

ಸಿವಿಲ್‌ನವರಿಗೆ ಒಂದು ಮಾತು. ಈ ಕಂಬ ನಿಲ್ಲಿಸಿದ್ದು ಯುದ್ಧ ಗೆದ್ದದ್ದಕ್ಕಲ್ಲ. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ದೇವಸ್ಥಾನಕ್ಕೆ ಕೆರೆ ಕಟ್ಟಿಸಿದ, ಅದನ್ನ ದಾಖಲಿಸೋಕೆ. ಕದಂಬರ ಇತಿಹಾಸ ಎಲ್ಲ ಅದಕ್ಕೆ ಮುನ್ನುಡಿ. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗೂ ಇಂಥ ಇಂಟ್ರೊಡಕ್ಷನ್ ಬರೆಯೋಕೆ ಬಂದಿದ್ರೆ!

ಕಂಬ ನೋಡೋಕೆ ಅರ್ಧ ಗಂಟೆ ಸಾಕು, ಒಪ್ತೀನಿ. ಉಳಿದ ದಿನಕ್ಕೆ ಪಕ್ಕದಲ್ಲೇ ಬಳ್ಳಿಗಾವಿ ಇದೆ. ಅಲ್ಲಮಪ್ರಭುವಿನ ಊರು, ಕೇದಾರೇಶ್ವರ ದೇವಸ್ಥಾನ. ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲೂಕೇ. ಆನವಟ್ಟಿ ಕಡೆ ತಿರುಗಿದ್ರೆ ಸೊರಬ ತಾಲೂಕಿನ ಕುಬಟೂರು. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸ ಆಳಿದ ಕುಂತಳನಗರ ಇದೇ ಅಂತ ಆ ಕಡೆಯವರು ಹೇಳ್ತಾರೆ. ಮುಂದಕ್ಕೆ ಹೋದ್ರೆ ಬನವಾಸಿ, ಮಯೂರನ ರಾಜಧಾನಿ, ಪಂಪ ಹಾತೊರೆದ ನಾಡು. ಇಷ್ಟೂ ಒಂದೇ ದಿನದ ದಾರಿ.

ಆದ್ರೆ ಓದದೆ ಹೋದ್ರೆ ಐದನೇ ಕ್ಲಾಸಿನ ನನ್ನ ಗತಿಯೇ. ಕಂಬ ರೀಲ್ಸ್‌ಗೆ ಪೋಸು ಕೊಡಲ್ಲ. ಹೋಗೋ ಮುಂಚೆ 'ಮಯೂರ' ಕಾದಂಬರಿ ಓದಿ, ಪುರುಸೊತ್ತಿಲ್ಲ ಅಂದ್ರೆ ಸಿನಿಮಾನಾದ್ರೂ ನೋಡಿ.

ಕ್ಲಾಸ್ ಬಸ್ಸು ಆಗುಂಬೆಗೆ ಹೋಗೋದು ಖಾಯಂ ಆಯ್ತು, ನಾನೂ ದುಡ್ಡು ಕಟ್ಟಿದ್ದೀನಿ. ಅದರ ಮುಂದಿನ ಭಾನುವಾರ ಮಾತ್ರ ಎರಡು ಬೈಕು ತಾಳಗುಂದಕ್ಕೆ. ಕೈ ತಪ್ಪಿ ವೋಟ್ ಒತ್ತಿದವನೂ ಬರ್ತಾನಂತೆ.