ಬೆಳೆದವರ ಲೋಟದಲ್ಲಿ ಯಾರ ಕಾಫಿ?

ಅಂಗಳದ ತುಂಬ ಕಾಫಿ ಒಣಗುತ್ತಿರುವ ಮಲೆನಾಡಿನ ಮನೆಗಳಲ್ಲಿಯೂ ಇಂದು ಅತಿಥಿಗೆ ದೊರೆಯುವುದು ಪೇಟೆಯಿಂದ ತಂದ, ಚಿಕೋರಿ ಬೆರೆತ ಪುಡಿಯ ಕಾಫಿ. ಇಂತಹ ಮಿಶ್ರಣದಲ್ಲಿ ಶೇ. 49ರವರೆಗೂ ಚಿಕೋರಿಯಿರಲು ಕಾನೂನಿನ ಸಮ್ಮತಿಯಿದೆ. ನಿಮ್ಮದೇ ಕಾಫಿಯನ್ನೇಕೆ ಕುಡಿಯುವುದಿಲ್ಲವೆಂದು ಕೇಳಿದರೆ, ‘ನಮ್ಮಲ್ಲಿ ಯಂತ್ರವೆಲ್ಲಿದೆ?’ ಎನ್ನುತ್ತಾರೆ.

ಯಂತ್ರವೇಕೆ ಬೇಕು? ನಮ್ಮ ಅಜ್ಜಿಯರು ಒಣಗಿದ ಹಣ್ಣನ್ನು ಒನಕೆಯಿಂದ ಕುಟ್ಟಿ, ಸಿಪ್ಪೆ ಕೇರಿ, ಬೀಜವನ್ನು ಬಾಣಲೆಯಲ್ಲಿ ಹುರಿಯುತ್ತಿದ್ದರು. ಒಂದು ಲೀಟರ್ ನೀರಿಗೆ ತರಿಯಾದ ಪುಡಿ 60 ಗ್ರಾಂ ಸಾಕು. ಕುದಿದ ನೀರನ್ನು ಪುಡಿಯ ಮೇಲೆ ಸುರಿದು, ನಾಲ್ಕು ನಿಮಿಷ ಮುಚ್ಚಿಟ್ಟು, ತೆಳುಬಟ್ಟೆಯಲ್ಲಿ ಸೋಸಬೇಕು. ಪುಡಿಯನ್ನೇ ಕುದಿಸಿದರೆ ಕಹಿ ಹೆಚ್ಚುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಬೆಟ್ಟದವರಿಗೆ ಉಷ್ಣಮಾಪಕದ ಹಂಗೂ ಇಲ್ಲ! ಬಟ್ಟೆಗೆ ಮಾತ್ರ ಸಾಬೂನು ತಾಗಿಸಬಾರದು, ಬಿಸಿನೀರಿನಲ್ಲಿ ತೊಳೆದರಾಯಿತು.

ನನ್ನ ಆಗ್ರಹವು ರುಚಿಗಷ್ಟೇ ಸೀಮಿತವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕಾಫಿಯನ್ನು ಹೀಗೆ ಸೋಸಿ, ಹಾಲಿಲ್ಲದೆ ಕುಡಿದಾಗ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಆ ಸಲ ಬರಿನೆಲದ ಮೇಲೆಯೇ ಹಣ್ಣು ಒಣಗಿಸಿದ್ದೆವು. ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಊರವರಿಗೆಲ್ಲ ಬೋಧಿಸುತ್ತಿದ್ದ ದೋಷವು ನನ್ನ ಅಂಗಳದಲ್ಲಿಯೇ ಇತ್ತು. ಅದುವರೆಗೆ ಆ ವಾಸನೆಯನ್ನು ಬಲ್ಲವನು ಬೆಲೆ ಇಳಿಸುತ್ತಿದ್ದ ವ್ಯಾಪಾರಿಯೊಬ್ಬನೇ. ಈಗ ಟಾರ್ಪಾಲಿನ ಮೇಲೆ ಒಣಗಿಸುತ್ತೇವೆ. ಈ ಕೊಯ್ಲಿನಲ್ಲಿ ಮೂಟೆ ಕಟ್ಟುವ ಮೊದಲು ತಾವೂ ಕಾಲು ಕಿಲೋ ಬೀಜವನ್ನು ಮನೆಯಲ್ಲಿ ಹುರಿದು, ಹಾಲು ಬೆಲ್ಲಗಳಿಲ್ಲದೆ ಕುಡಿದು ನೋಡಿ.